ಯಶೋಧರಾ ಕೊಟ್ಟ ಅಕ್ಷರಗಳು

ಯಶೋಧರಾ ಕಳೆದ ತಿಂಗಳು ಹನ್ನೊಂದನೇ ತಾರೀಖು ಬೆಳಿಗ್ಗೆ ಬೀರೂರಿನಲ್ಲಿ, ತನ್ನ ತಾಯಿಯ ಮನೆಯಲ್ಲಿ ತೀರಿಕೊಂಡಳು. ನಲವತ್ತಮೂರು ವರ್ಷ. ಗರ್ಭಕೋಶದಲ್ಲಿ ಶುರುವಾದ ಕ್ಯಾನ್ಸರ್ ಲಿವರಿಗೆ ಹೋಗಿತ್ತು.

ಕಡೂರಿನ ಕಾಲೇಜಿನಲ್ಲಿ ನಾವಿಬ್ಬರೂ ಐದು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ನಾನು ತರೀಕೆರೆಯಲ್ಲಿ ಲೈಬ್ರರಿ ಕೆಲಸಕ್ಕೆ ಸೇರಿದೆ. ಅವಳು ಮದುವೆಯಾಗಿ, ಅಲ್ಲಿ ಇಲ್ಲಿ ಟೈಪಿಂಗ್ ಮಾಡಿ, ಅಜ್ಜಂಪುರ ತಾಲ್ಲೂಕಾದ ಮೇಲೆ ಕಚೇರಿಯ ಎದುರು ಸ್ವಂತ ಡಿಟಿಪಿ ಅಂಗಡಿ ಇಟ್ಟಳು. ಗಂಡ ಪ್ರಕಾಶ್ ರೈಲ್ವೆಯಲ್ಲಿ ಹಳಿ ಕೆಲಸದವನು. ಬೀರೂರಿನಿಂದ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ವಾಪಸ್ ಬರುತ್ತಿದ್ದಳು.

ಅಂಗಡಿಗೆ ಬರುತ್ತಿದ್ದುದು ಹೆಚ್ಚಾಗಿ ಪೌತಿ ಖಾತೆಯ ಅರ್ಜಿಗಳು. ಸತ್ತವರ ಹೆಸರಿನ ಜಮೀನು ಮಕ್ಕಳ ಹೆಸರಿಗೆ ಆಗಬೇಕೆಂದರೆ ಮನೆಯ ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಬೇಕು. ಅಲ್ಲಿ ಅವಳು ಅಮಲ್ದಾರರಿಗಿಂತ ಬಿಗಿ.

“ಏನಪ್ಪಾ ಓಬಳಪ್ಪ, ಅಕ್ಕ ತಂಗೇರ ಸಹಿ ಎಲ್ಲಿ?”

“ಅವ್ರೇನೂ ಕೇಳಲ್ಲ, ನೀನ್ ಹೊಡಿಯಮ್ಮ.”

“ಕೇಳಲ್ಲ ಅಂತ ನೀನ್ ಹೇಳೋದಲ್ಲ, ಅವ್ರು ಹೇಳ್ಬೇಕು. ಹೋಗಿ ಹಾಕಿಸ್ಕೊಂಡ್ ಬಾ. ಅಲ್ಲೀತನಕ ನನ್ ಪ್ರಿಂಟರ್ ಕೆಟ್ಟದೆ.”

ಅವಳ ತಂದೆ ಕರಿಯಣ್ಣ ಪೇಂಟರ್. ಬೀರೂರು ಸೀಮೆಯ ಖಾಸಗಿ ಬಸ್ಸುಗಳ ಬೋರ್ಡು, ಶಾಲೆಗಳ ಗೋಡೆ, ಜಯಂತಿಯ ಬಟ್ಟೆ ಬ್ಯಾನರು ಎಲ್ಲ ಅವರದೇ ಕೈ. ಎಡಗೈಯಲ್ಲಿ ಬರೆಯುತ್ತಿದ್ದರು. ಅದಕ್ಕೋ ಏನೋ, ಅವರ ತಲೆಕಟ್ಟು ಕೊನೆಯಲ್ಲಿ ಮೇಲೆ ಹಾರದೆ ಸ್ವಲ್ಪ ಕೆಳಗೆ ಬಾಗುತ್ತಿತ್ತು. ಬಣ್ಣ ಕಲಸುವುದು, ಅಲ್ಲಾಡದಂತೆ ತಗಡು ಹಿಡಿದು ಕೂರುವುದು ಹೆಂಡತಿ ಹುಲಿಯಮ್ಮನ ಕೆಲಸ. ಹುಲಿಯಮ್ಮನಿಗೆ ಓದು ಬರುವುದಿಲ್ಲ. ಕರಿಯಣ್ಣ ಹೋಗಿ ಹನ್ನೊಂದು ವರ್ಷವಾಯಿತು. ಫ್ಲೆಕ್ಸ್ ಬಂದು ಅವರ ಕೆಲಸ ಅವರಿಗಿಂತ ಮೊದಲೇ ಹೋಗಿತ್ತು.

ರಸ್ತೆ ಅಗಲ ಮಾಡಲು ಗೋಡೆಗಳನ್ನು ಬೀಳಿಸತೊಡಗಿದಾಗ ಯಶೋಧರಾ ಉಳಿದವುಗಳ ಫೋಟೊ ಹಿಡಿದಳು. ಗುಜರಿಯಿಂದ ಎರಡು ಬಸ್ ಬೋರ್ಡು ಬಿಡಿಸಿ ತಂದಳು. ಆ ಹೊತ್ತಿಗೆ ಅವಳಿಗೆ ಇಂಟರ್ನೆಟ್ಟಿನಲ್ಲಿ ಒಂದು ಬಳಗ ಸಿಕ್ಕಿತು. ಕೈಬರಹದ ಕನ್ನಡ ಅಕ್ಷರಗಳಿಂದ ಕಂಪ್ಯೂಟರ್ ಫಾಂಟ್ ಮಾಡಿ, ಯಾರು ಬೇಕಾದರೂ ಬಳಸಲಿ, ತಿದ್ದಲಿ, ಹಂಚಲಿ ಎಂದು ಬಿಟ್ಟುಕೊಡುವವರು ಅವರು. ಯಾರಿಗೂ ಸಂಬಳವಿಲ್ಲ, ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಮೂರು ವರ್ಷ, ಕಚೇರಿಯವರು ಮಧ್ಯಾಹ್ನ ಊಟಕ್ಕೆ ಎದ್ದ ಹೊತ್ತಿನಲ್ಲಿ, ಅವಳು ಫೋಟೊದ ಮೇಲೆ ಒಂದೊಂದೇ ಅಕ್ಷರದ ಅಂಚು ಎಳೆದಳು. ಗೋಡೆಯಲ್ಲಿ ಸಿಗದ ಅಕ್ಷರವನ್ನು ಅಪ್ಪ ಹೇಗೆ ಬರೆಯುತ್ತಿದ್ದರೆಂದು ಯೋಚಿಸಿ ತಾನೇ ಬರೆದಳು.

“ಢ ಎಲ್ಲೂ ಸಿಗ್ಲಿಲ್ಲ ಕಣೇ,” ಎಂದು ಒಮ್ಮೆ ನಕ್ಕಳು. “ಢ ಇರೋ ಊರಿಗೆ ನಮ್ಮ ಕಡೆ ಬಸ್ಸೇ ಹೋಗಲ್ವಲ್ಲ.”

ಎಲ್ಲ ಮುಗಿದು ಕಳಿಸುವಾಗ ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಇವನ್ನು ಕೊಡುವ ಹಕ್ಕು ನಿಮಗಿದೆಯೇ? ಅವಳು ಇದೆ ಎಂದು ಗುರುತು ಹಾಕಿದಳು. ದಿನಕ್ಕೆ ಹತ್ತು ಜನರ ಹತ್ತಿರ ವಾರಸುದಾರರ ಸಹಿ ಕೇಳುವವಳಿಗೆ ತಾಯಿಯನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲಿಲ್ಲ. ಪಕ್ಕದಲ್ಲೇ ಟೀ ಕುಡಿಯುತ್ತಾ ಕೂತಿದ್ದ ನನಗೂ ಹೊಳೆಯಲಿಲ್ಲ.

ಕಾಯಿಲೆ ಗೊತ್ತಾದ ಮೇಲೆ ಶಿವಮೊಗ್ಗಕ್ಕೆ ಓಡಾಟ ಶುರುವಾಯಿತು. ಒಂದು ದಿನ ಆಸ್ಪತ್ರೆಯಿಂದ ವಾಪಸ್ ಹೋಗುವಾಗ ತಾಯಿ ಮಗಳು ನಮ್ಮ ಮನೆಯಲ್ಲಿ ಊಟ ಮಾಡಿ ಹೋಗಲೆಂದು ನಾನು ತರೀಕೆರೆ ಬಸ್ ನಿಲ್ದಾಣದಲ್ಲಿ ಕಾದಿದ್ದೆ. ಬಸ್ ಇಳಿದ ಹುಲಿಯಮ್ಮ ಎದುರಿನ ದೊಡ್ಡ ಫ್ಲೆಕ್ಸ್ ನೋಡಿ ನಿಂತುಬಿಟ್ಟರು.

“ಇದ್ಯಾರೇ ಬರ್ದಿದ್ದು?”

“ಯಾವ್ದವ್ವ?”

“ಇದು ನಿಮ್ಮಪ್ಪನ ಕೈ ಕಣೇ. ಆ ಬಗ್ಗಿರೋದ್ ನೋಡು. ಹೋದೋನು ಎದ್ದ್ ಬಂದ್ ಬರ್ದ್ನಾ?”

ಯಶೋಧರಾಳ ಮುಖ ಅರಳಿತು. ಅಲ್ಲೇ ಬಿಸಿಲಿನಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಹುಲಿಯಮ್ಮ ಫ್ಲೆಕ್ಸಿನಿಂದ ಕಣ್ಣು ತೆಗೆಯದೆ ಕೇಳಿಸಿಕೊಂಡರು. ಕೊನೆಗೆ, “ಏನಂತ ಬರ್ದದೆ? ಓದು,” ಎಂದರು.

ಅದು ಒಂದು ಸಮುದಾಯ ಭವನದ ಐವತ್ತನೇ ವರ್ಷದ ಸಮಾರಂಭ. ಭವನ ಅಜ್ಜಂಪುರದ ಕಡೆಯ ಒಂದು ಹಳ್ಳಿಯದು, ಹೆಸರು ಬೇಡ. ಅಲ್ಲಿನ ದಾನಿಗಳ ಹೆಸರನ್ನೆಲ್ಲ ಗೋಡೆಗೆ ಬರೆದವರು ಕರಿಯಣ್ಣ. ಒಂಬತ್ತು ದಿನ ಒಳಗೆ ಏಣಿ ಹಾಕಿ ಬರೆದರು, ಊಟ ಮಾತ್ರ ಹೊರಗೆ ಮರದ ಕೆಳಗೆ. ಎರಡು ವರ್ಷದ ಮೇಲೆ, ಗಂಡಿನ ಊರಿಗೆ ಹತ್ತಿರವೆಂದು ಯಶೋಧರಾಳ ಮದುವೆಗೆ ಆ ಭವನವನ್ನು ಬಾಡಿಗೆಗೆ ಕೇಳಿದಾಗ, ನಿಮ್ಮವರಿಗೆ ಕೊಡುವ ಪದ್ಧತಿ ಇಲ್ಲ ಎಂದರು. ಬೀರೂರಿನ ಮನೆಯ ಮುಂದೆ ಚಪ್ಪರ ಹಾಕಿ ಮದುವೆ ಮಾಡಿದರು. ನನ್ನ ಮದುವೆ ಆದದ್ದು ಅದೇ ಭವನದಲ್ಲಿ.

“ಅವ್ರಿಗೂ ಕೊಟ್ಯಾ?” ಎಂದರು ಹುಲಿಯಮ್ಮ.

“ಎಲ್ರಿಗೂ ಅವ್ವ. ಯಾರಿಗೂ ಇಲ್ಲ ಅನ್ನಂಗಿಲ್ಲ. ಅದರ ನಿಯಮನೇ ಹಂಗೆ.”

“ಚೆಂದದ ನಿಯಮ. ಅವ್ರು ನಮಗಿಲ್ಲ ಅನ್ಬೋದು, ನಾವು ಅವ್ರಿಗೆ ಇಲ್ಲ ಅನ್ನಂಗಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಓದ್ದೋರಲ್ವಾ ಕೃತಿಕಮ್ಮ, ನೀವಾರ ಹೇಳಿ,” ಎಂದರು.

ನಾನು ಯಶೋಧರಾಳ ಔಷಧಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡೆ.

“ವಾಪಸ್ ಇಸ್ಕೊ,” ಎಂದು ಮಗಳಿಗೆ ಹೇಳಿ, ಊಟಕ್ಕೂ ಬರದೆ ಅವಳನ್ನು ಕರೆದುಕೊಂಡು ಬೀರೂರಿನ ಬಸ್ ಹತ್ತಿದರು.

ಯಶೋಧರಾ ಬಳಗಕ್ಕೆ ಬರೆದಳು. ಮರುದಿನವೇ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ. ನಮ್ಮ ಪುಟದಿಂದ ತೆಗೆದಿದ್ದೇವೆ, ತಾಯಿಯವರ ಕ್ಷಮೆ ಕೇಳುತ್ತೇವೆ. ಆದರೆ ಈಗಾಗಲೇ ಎರಡು ಸಾವಿರಕ್ಕೂ ಹೆಚ್ಚು ಜನ ಇಳಿಸಿಕೊಂಡಿದ್ದಾರೆ. ನೀವು ಕೊಟ್ಟ ಅನುಮತಿ ಹಿಂದಕ್ಕೆ ಪಡೆಯುವಂಥದ್ದಲ್ಲ.

ನಾನು ತರೀಕೆರೆಯ ಫ್ಲೆಕ್ಸ್ ಅಂಗಡಿಗೆ ಹೋದೆ. ಬಸವೇಶ್ ಎನ್ನುವವನು ಕುರ್ಚಿ ಕೊಟ್ಟ.

“ನನ್ ಹತ್ರ ಇರೋದ್ ಬೇಕಾದ್ರೆ ತೆಗೀತೀನಿ ಮೇಡಂ. ಆದ್ರೆ ನಂಗೆ ಕಳ್ಸಿದ್ದು ಶಿವಮೊಗ್ಗದವ್ನು. ಅವನಿಗ್ಯಾರು ಕಳ್ಸಿದ್ರೋ. ಇದೇನ್ ಮಾರಿದ್ ಎಮ್ಮೆನಾ, ಹಗ್ಗ ಹಿಡ್ಕೊಂಡ್ ಹೊಡ್ಕೊಂಡ್ ಬರೋಕೆ?” ಆಮೇಲೆ ಪಾಪ ಅನ್ನಿಸಿತೋ ಏನೋ, “ಬಲು ಚೆನ್ನಾಗಿದೆ ಕಣ್ರೀ ಅಕ್ಷರ. ಈಗೆಲ್ರೂ ಅದೇ ಹಾಕಿ ಅಂತಾರೆ,” ಎಂದ.

ಇದನ್ನು ಯಶೋಧರಾಳಿಗೆ ಹೇಳಿದೆ. ಹೇಳಬಾರದಿತ್ತು.

ಕೊನೆಯ ಮೂರು ವಾರ ಅವಳು ತಾಯಿಯ ಮನೆಯಲ್ಲಿದ್ದಳು. ರಾತ್ರಿ ಡ್ಯೂಟಿ ಮುಗಿಸಿ ಪ್ರಕಾಶ್ ಬರುತ್ತಿದ್ದ, ಅವಳ ಪಕ್ಕದಲ್ಲೇ ಕೂತು ತೂಕಡಿಸುತ್ತಿದ್ದ. ಹುಲಿಯಮ್ಮ ಗಂಜಿ ಕುಡಿಸಿದರು, ಮೈ ಒರೆಸಿದರು, ಕಾಲು ಒತ್ತಿದರು. ಮಾತು ಬಿಟ್ಟಿರಲಿಲ್ಲ. ಆದರೆ ದಿನಕ್ಕೊಂದು ಸಲ ಕೇಳುತ್ತಿದ್ದರು.

“ಇಸ್ಕೊಂಡ್ಯಾ?”

“ಕೇಳಿದೀನಿ ಅವ್ವ. ಕೊಡ್ತಾರೆ.”

ಅಂಗಳಕ್ಕೆ ಬಂದು ಒಂದು ದಿನ ನನ್ನನ್ನೂ ಕೇಳಿದರು. “ಕೊಟ್ರೇನವ್ವ ಅವ್ರು?” ನಿಜ ಹೇಳಲು ಬಾಯಿ ತೆರೆದೆ. ಒಳಗಿನಿಂದ ಯಶೋಧರಾ ನರಳಿದ್ದು ಕೇಳಿ ಅವರು ಓಡಿದರು.

ಹತ್ತನೇ ತಾರೀಖು ಮಧ್ಯಾಹ್ನ ನಾನು ಹೋದಾಗ ಅವಳು ಲ್ಯಾಪ್‌ಟಾಪ್ ಕೇಳಿದಳು. ದಿಂಬಿಗೆ ಒರಗಿಸಿ ಕೂರಿಸಿದೆವು. ಮೂರು ವರ್ಷದ ಕೆಲಸವನ್ನೆಲ್ಲ ತೆರೆದು, ಪರದೆಯನ್ನು ತಾಯಿಯ ಕಡೆ ತಿರುಗಿಸಿ, “ಅಳಿಸ್ತೀನಿ ಅವ್ವ,” ಎಂದಳು. ಅ ಆ ಇ ಈ ಎಂದು ಕರಿಯಣ್ಣನ ಅಕ್ಷರಗಳು ಸಾಲಾಗಿ ನಿಂತಿದ್ದವು. ಹುಲಿಯಮ್ಮ ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು. ಬಹಳ ಹೊತ್ತು ನೋಡಿದರು. ಬೇಡ ಎನ್ನಲಿಲ್ಲ.

ಯಶೋಧರಾ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೆರಳಿನಲ್ಲಿ ಬಲವಿರಲಿಲ್ಲ, ಎರಡು ಸಲ ಒತ್ತಬೇಕಾಯಿತು. ಎಲ್ಲ ಅಳಿಸಿಹೋಯಿತು.

“ಹೋಯ್ತಾ?” ಎಂದರು ಹುಲಿಯಮ್ಮ.

“ಹೋಯ್ತವ್ವ.”

“ಎಲ್ಲಾ ಕಡೆಯಿಂದಾನೂ?”

ಅವಳು ನನ್ನ ಕಡೆ ನೋಡಲಿಲ್ಲ. ತಾಯಿಯ ಕೈ ಹಿಡಿದುಕೊಂಡು, “ಎಲ್ಲಾ ಕಡೆಯಿಂದಾನೂ,” ಎಂದಳು.