ಅಮ್ಮನ ಬೆನ್ನ ಹಿಂದಿನ ಕಾಮನಬಿಲ್ಲು

ಅಮ್ಮ ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ರವಿಕೆ ಹೊಲಿಯುತ್ತಿದ್ದಳು. ಜಲಪಾತದ ಹತ್ತಿರ ಕಾಮನಬಿಲ್ಲು ಕೈಗೆ ಸಿಗುವಷ್ಟು ಸಮೀಪ ಮೂಡುತ್ತದೆ ಎಂದು ಅಳತೆ ಕೊಡಲು ಬಂದ ಯಾರೋ ಹೇಳಿಬಿಟ್ಟಿದ್ದರು. ಅಂದಿನಿಂದ ಅವಳಿಗೆ ಅದೊಂದೇ ಆಸೆ, ಒಮ್ಮೆ ನೋಡಬೇಕು. ಎರಡು ಸಾವಿರದ ಐದೋ ಆರೋ ಇರಬೇಕು. ಬೀದಿಯ ಹೆಂಗಸರೆಲ್ಲ ಸೇರಿ ಟೆಂಪೊ ಗೊತ್ತು ಮಾಡಿಕೊಂಡು ಶಿವನಸಮುದ್ರಕ್ಕೆ ಹೊರಟಾಗ, ಹಬ್ಬದ ರವಿಕೆಗಳನ್ನೆಲ್ಲ ಬದಿಗಿಟ್ಟು ಮೊದಲು ಹತ್ತಿ ಕೂತವಳು ಅವಳೇ.

ನಾನಾಗ ವಿಜಯನಗರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಅಂಟಿಸುವ ಕೆಲಸಕ್ಕೆ ಸೇರಿ ಆರು ತಿಂಗಳು. ಗೊತ್ತಿದ್ದದ್ದು ಅಷ್ಟಕ್ಕಷ್ಟೆ, ಜಂಬ ಮಾತ್ರ ಬೆಟ್ಟದಷ್ಟು. ಮಾಲೀಕರನ್ನು ಕಾಡಿ ಬೇಡಿ ಹಳೆಯ ರೀಲ್ ಕ್ಯಾಮೆರಾ ತಂದಿದ್ದೆ. ಜೊತೆಗೆ, ನೀರಿನ ಹೊಳಪು ಕಳೆಯಲು ಲೆನ್ಸಿಗೆ ಹಾಕುವ ಒಂದು ಕಪ್ಪು ಗಾಜನ್ನು ಅವರಿಗೆ ಹೇಳದೆ ಎತ್ತಿಕೊಂಡು ಬಂದಿದ್ದೆ.

ಗುಂಪು ಫೋಟೋ ತೆಗೆದು ತೆಗೆದು ರೀಲಿನಲ್ಲಿ ಒಂದೇ ಉಳಿಯಿತು. ಆಗ ಮೋಡ ಸರಿದು ಬಿಸಿಲು ಬಿತ್ತು. ಅಮ್ಮ ಒಂದು ಬಂಡೆಯ ಮೇಲೆ ನೀರಿಗೆ ಬೆನ್ನು ಮಾಡಿ ನಿಂತು ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು. ಅವಳ ಹಿಂದಿನ ತುಂತುರಿನಲ್ಲಿ, ಅವಳ ಭುಜದಿಂದಲೇ ಎದ್ದಂತೆ, ಕಾಮನಬಿಲ್ಲು ಮೂಡಿತು.

"ಬಂತೇನೇ?" ಎಂದು ತಿರುಗಲು ಹೋದಳು.

"ಅಲ್ಲಾಡ್ಬೇಡಮ್ಮ. ಇರೋದು ಒಂದೇ ಫೋಟೋ. ಆಮೇಲೆ ಬೇಕಾದಷ್ಟು ನೋಡ್ಕೋ," ಎಂದು ಗದರಿದೆ.

ಪಾಪ, ನಿಂತಳು. ಬಿಸಿಲು ಮುಖಕ್ಕೆ ಹೊಡೆದು ಕಣ್ಣಲ್ಲಿ ನೀರು ಬರುತ್ತಿದ್ದರೂ ನಿಂತಳು. ನಾನು ಆ ಗಾಜನ್ನು ಕಣ್ಣಿಗೆ ಹಿಡಿದು, ಅವಳ ಕಾಲ ಬಳಿಯ ಒದ್ದೆ ಬಂಡೆಯನ್ನಷ್ಟೇ ನೋಡುತ್ತ ಅದರ ಹೊಳಪು ಹೋಗುವವರೆಗೆ ತಿರುಗಿಸಿ, ಹಾಗೇ ಲೆನ್ಸಿಗೆ ಸಿಕ್ಕಿಸಿ ಫೋಟೋ ತೆಗೆದೆ. ಅವಳು ತಿರುಗುವಷ್ಟರಲ್ಲಿ ಮೋಡ ಮುಚ್ಚಿತ್ತು. ಟೆಂಪೊ ಡ್ರೈವರ್ ಹಾರ್ನ್ ಹೊಡೆಯುವವರೆಗೂ ಕಾದೆವು, ಮತ್ತೆ ಬಿಸಿಲು ಬರಲಿಲ್ಲ. ಹೋಗಲಿ ಬಿಡು, ಫೋಟೋದಲ್ಲೇ ನೋಡುತ್ತೇನೆ ಎಂದಳು.

ಪ್ರಿಂಟ್ ಬಂತು. ಅಮ್ಮ ಇದ್ದಳು, ನೀರಿತ್ತು, ಕಾಮನಬಿಲ್ಲು ಇರಲಿಲ್ಲ. ಆ ಗಾಜನ್ನು ತಪ್ಪಾಗಿ ತಿರುಗಿಸಿದರೆ ಹೊಳಪಿನ ಜೊತೆ ಕಾಮನಬಿಲ್ಲನ್ನೂ ಅಳಿಸಿಬಿಡುತ್ತದೆ ಎಂದರು ಮಾಲೀಕರು. ಆ ಕ್ಯಾಮೆರಾದಲ್ಲಿ ನಾವು ನೋಡುವ ಕಿಂಡಿಯೇ ಬೇರೆ, ಲೆನ್ಸೇ ಬೇರೆ. ನನಗೆ ಕೊನೆಯವರೆಗೂ ಕಂಡದ್ದು ರೀಲಿಗೆ ಕಾಣಲೇ ಇಲ್ಲ. ಮನೆಗೆ ಹೋಗಿ, ರೀಲು ತೊಳೆದವರು ಕೆಡಿಸಿದರು ಎಂದು ಸುಳ್ಳು ಹೇಳಿದೆ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೊಲಿಗೆ ಮಿಷನ್ನಿನ ಮೇಲಿನ ಗೋಡೆಗೆ ಆ ಫೋಟೋ ಅಂಟಿಸಿ, ಬಂದವರಿಗೆಲ್ಲ ಬೆರಳಾಡಿಸಿ ತೋರಿಸುತ್ತಿದ್ದಳು.

"ಇಲ್ಲಿಂದ ಇಲ್ಲೀವರ್ಗೂ ಇತ್ತಂತೆ. ನನ್ ಮಗಳು ನೋಡಿದಾಳೆ."

ಮುಂದಿನ ವರ್ಷ ಖಂಡಿತ ಕರೆದುಕೊಂಡು ಹೋಗುತ್ತೇನೆ ಎಂದೆ. ಅದರ ಮುಂದಿನ ವರ್ಷವೂ ಅದನ್ನೇ ಹೇಳಿದೆ. ಮೂರನೆಯ ಮಳೆಗಾಲಕ್ಕೆ ಅಮ್ಮ ಇರಲಿಲ್ಲ.

ಈಗ ಪ್ರತಿ ವರ್ಷ ತಪ್ಪದೆ ಅಲ್ಲಿಗೆ ಹೋಗುತ್ತೇನೆ. ಒಳ್ಳೆಯ ಕ್ಯಾಮೆರಾ ಇದೆ, ಎಷ್ಟು ಬೇಕಾದರೂ ತೆಗೆಯಬಹುದು. ಬಿಸಿಲು ಬಿದ್ದು ಆ ಬಂಡೆಯ ಹಿಂದೆ ಬಣ್ಣ ಮೂಡಿದ ಕೂಡಲೇ ಕ್ಯಾಮೆರಾ ಕೆಳಗಿಳಿಸಿಬಿಡುತ್ತೇನೆ. ಯಾರೂ ನಿಂತಿಲ್ಲದ ಆ ಜಾಗಕ್ಕೆ ಹೇಳಬೇಕೆನಿಸುವುದು ಒಂದೇ ಮಾತು: ತಿರುಗಮ್ಮ, ನೋಡು.