ಇಲ್ಲದ ಹೊಸಿಲು

ನಮ್ಮ ಮುಂಬಾಗಿಲಿನ ಮೊಸಾಯಿಕ್ ನೆಲದಲ್ಲಿ, ಒಳಗೆಂದೂ ಹೇಳಲಾಗದ ಹೊರಗೆಂದೂ ಹೇಳಲಾಗದ ಜಾಗದಲ್ಲಿ, ನಾಲ್ಕು ಬೆರಳಗಲದ ಒಂದು ಮಾಸಲು ಹಳದಿ ಪಟ್ಟೆಯಿದೆ. ಬಂದ ನೆಂಟರು ಅದನ್ನು ನೆಲದ ಅಲಂಕಾರವೆಂದುಕೊಳ್ಳುತ್ತಾರೆ. ನೆಲ ಒರೆಸುವವರು ಕೊಳೆಯೆಂದು ಬಗೆದು ಫಿನಾಯಿಲ್ ಸುರಿದು ಉಜ್ಜುತ್ತಾರೆ, ಸೋತು ಸುಮ್ಮನಾಗುತ್ತಾರೆ. ಅದು ಅರಿಶಿನ. ಅದನ್ನು ಅಳಿಸಲು ಎಲ್ಲರಿಗಿಂತ ಮೊದಲು ಹೆಣಗಾಡಿದವನು ನಾನೇ, ಹಾಗಾಗಿ ಅದರ ಕಥೆಯನ್ನು ನಾನೇ ಹೇಳುವುದು ನ್ಯಾಯ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲವದು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ, ಇಂಜಿನಿಯರೊಬ್ಬರ ಕಚೇರಿಯಲ್ಲಿ ಕಟ್ಟಡದ ನಕ್ಷೆ ಬರೆದು, ಸಂಜೆಯ ರೈಲಿಗೆ ಮರಳುತ್ತಿದ್ದ ಇಪ್ಪತ್ನಾಲ್ಕರ ಯುವಕ ನಾನು. ಆ ಕಚೇರಿಯ ಬೀರುವಿನಲ್ಲಿ ನುಣುಪು ಕಾಗದದ ವಿದೇಶಿ ಪತ್ರಿಕೆಗಳಿದ್ದವು. ಅವುಗಳ ಪುಟಪುಟದಲ್ಲೂ ಮನೆಯ ಪ್ರವೇಶದ್ವಾರಗಳು: ಓರೆಯಾಗಿ ನಿಂತ ತೆಳ್ಳನೆಯ ಕಂಬಗಳು, ಗೋಡೆಯ ಬದಲು ಬೆಳಕಾಡುವ ಜಾಲಿ, ಸಣಕಲು ಕಾಲಿನ ಬೆಂಚು, ದುಂಡು ಕನ್ನಡಿ, ಎಲ್ಲಕ್ಕಿಂತ ಮಿಗಿಲಾಗಿ ಹೊರಗಿನಿಂದ ಒಳಗಿನವರೆಗೆ ಎಲ್ಲೂ ತಡೆಯಿಲ್ಲದೆ ನೀರಿನಂತೆ ಹರಿದುಹೋಗುವ ನೆಲ. ಅಲ್ಪವಿದ್ಯಾ ಮಹಾಗರ್ವಿ ಅಂತಾರಲ್ಲ, ಹಾಗೆ ನಾನು ಊಟದ ಬಿಡುವಿನಲ್ಲಿ ಆ ಚಿತ್ರಗಳನ್ನು ನೋಡಿ ನೋಡಿ, ನಮ್ಮ ಮನೆಯ ಬಾಗಿಲಿನ ಬಗ್ಗೆ ನಾಚಿಕೆಪಟ್ಟುಕೊಳ್ಳುವುದನ್ನು ಕಲಿತೆ.

ನಾಚಿಕೆಪಡುವಂಥದ್ದೇನೂ ಅಲ್ಲಿರಲಿಲ್ಲ. ಬೀದಿಗೆ ಅಂಟಿಕೊಂಡು ಒಂದು ಕಲ್ಲಿನ ಜಗಲಿ, ಆಮೇಲೆ ಮೊಣಕಾಲುದ್ದದ ಮೆಟ್ಟಿಲು, ಆಮೇಲೆ ಹಲಸಿನ ಮರದ ದಪ್ಪ ಹೊಸಿಲು. ಒಳಗೆ ಅಪ್ಪನ ಎರಡು ಮಗ್ಗ. ಹೊರಗೆ ಜಗಲಿಯ ಮೇಲೆ, ಹಗಲೂಟ ಮುಗಿದ ಮೇಲೆ, ಅಮ್ಮ ಮತ್ತು ಜೈನಾಬಿ ಎದುರುಬದುರು ಕುಳಿತು ರಾಟೆಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಕಡ್ಡಿಗೆ ನಮ್ಮಲ್ಲಿ ಕಂಡಿಕೆ ಎನ್ನುತ್ತಾರೆ. ಜೈನಾಬಿಯ ಮನೆ ಹಿಂದಿನ ಬೀದಿಯಲ್ಲಿ. ಗಂಡನಿಗೆ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ಮನೆಯಲ್ಲಿ ದಖನಿ ಆಡಿದರೂ ಕನ್ನಡದಲ್ಲಿ ಚಾಡಿ ಹೇಳುವುದರಲ್ಲಿ ಆಕೆಯನ್ನು ಮೀರಿಸುವವರು ನಮ್ಮ ಬೀದಿಯಲ್ಲಿರಲಿಲ್ಲ. ಹನ್ನೆರಡು ವರ್ಷ ಆಕೆ ಆ ಜಗಲಿಯ ಮೇಲೆ ಕುಳಿತರು. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಹೊಸಿಲು ದಾಟಿ ಒಳಗೆ ಬರಲಿಲ್ಲ. ಬರಬೇಡವೆಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಯಾರೂ ಅಂದಿರಲಿಲ್ಲ. ಅಮ್ಮ ಕಾಫಿಯನ್ನು ಹೊರಗೇ ತಂದುಕೊಡುತ್ತಿದ್ದಳು, ಜೈನಾಬಿಯ ಲೋಟ ಗೂಡಿನಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಇದನ್ನು ನಾನು ನೋಡಿದ್ದೆ ಮತ್ತು ನೋಡಿರಲಿಲ್ಲ. ದಿನಾ ಕಣ್ಣಿಗೆ ಬೀಳುವುದನ್ನು ನಾವು ನೋಡುವುದು ಹಾಗೆಯೇ ಅಲ್ಲವೇ?

ಹೊಸಕೋಟೆಯಲ್ಲಿದ್ದ ಚಿಕ್ಕಮ್ಮನ ಬಾಣಂತನಕ್ಕೆಂದು ಅಮ್ಮ ಮೂರು ತಿಂಗಳು ಹೋದಾಗ ನನಗೆ ಅವಕಾಶ ಸಿಕ್ಕಿತು. ಅಮ್ಮ ಬರುವಷ್ಟರಲ್ಲಿ ಬಾಗಿಲನ್ನು ಹೊಸದು ಮಾಡಿ ಬೆರಗುಗೊಳಿಸುತ್ತೇನೆಂದು ಅಪ್ಪನನ್ನು ಒಪ್ಪಿಸಿದೆ. ಓದಿದ ಮಗನ ಮಾತೆಂದರೆ ಅಪ್ಪನಿಗೆ ಅರ್ಧ ಹೆಮ್ಮೆ, ಅರ್ಧ ಅಂಜಿಕೆ. ಆದರೂ ಕಬ್ಬಿಣದ ಓರೆ ಕಂಬಗಳನ್ನು ನಿಲ್ಲಿಸಿದ ದಿನ ದೂರ ನಿಂತು ನೋಡಿ, ಇದಕ್ಕೆ ನೆಟ್ಟಗೆ ನಿಲ್ಲೋಕೂ ಸೋಮಾರಿತನವೇ ಎಂದು ಕೇಳಿದರು. ಜಗಲಿಯ ಕಲ್ಲುಗಳನ್ನೂ ಹಳೆಯ ಹೊಸಿಲನ್ನೂ ಮೀಟಿ ತೆಗೆದು ಹಿತ್ತಲಿಗೆ ಸಾಗಿಸಿದೆವು. ಒಳಗಿನ ನೆಲಕ್ಕೆ ಸಮವಾಗಿ ಹೊರಗೂ ನೆಲ ಎತ್ತರಿಸಿ, ಬಿಳಿಗೆ ಕಪ್ಪು ಚುಕ್ಕಿಯ ಮೊಸಾಯಿಕ್ ಹಾಕಿಸಿದೆ. ಒಂದು ಬದಿಗೆ ಸಿಮೆಂಟ್ ಜಾಲಿ, ಅದರ ಬುಡದಲ್ಲಿ ಕ್ರೋಟನ್ ಗಿಡಗಳ ತೊಟ್ಟಿ, ಇನ್ನೊಂದು ಬದಿಗೆ ಬಡಗಿಯನ್ನು ಕಾಡಿಸಿ ಮಾಡಿಸಿದ ಸಣಕಲು ಕಾಲಿನ ಬೆಂಚು, ಅದರ ಮೇಲೆ ಗೋಡೆಗೆ ದುಂಡು ಕನ್ನಡಿ. ಹೊಸಿಲು ಎಲ್ಲಿಡಲಿ ಎಂದು ಕೇಳಿದ ಮೇಸ್ತ್ರಿಗೆ, ಬೇಡ, ನೆಲ ಹರಿಯಬೇಕು ಎಂದೆ. ಆತ ನನ್ನನ್ನೂ ನಕ್ಷೆಯನ್ನೂ ಸರದಿಯಂತೆ ನೋಡಿದ.

"ಹೊಸ್ಲಿಲ್ದೆ ಬಾಗ್ಲು ನಿಲ್ಸಿ ನಂಗೆ ಅಭ್ಯಾಸ ಇಲ್ಲ ಸ್ವಾಮಿ. ನಾಳೆ ನಿಮ್ಮ ತಾಯೇರು ಕೇಳುದ್ರೆ ನನ್ ಹೆಸ್ರು ಹೇಳ್ಬೇಡಿ" ಅಂದ.

ಅಮ್ಮ ಬಂದಳು. ಜಟಕಾದಿಂದಿಳಿದು, ಹೊಸ ಕಂಬಗಳನ್ನು ನೋಡಿ, ಕನ್ನಡಿಯಲ್ಲಿ ತನ್ನ ಮುಖ ಕಂಡು ಸೆರಗು ಸರಿಪಡಿಸಿಕೊಂಡಳು. ಬಾಗಿಲ ಬಳಿ ಬಂದಾಗ ಮಾತ್ರ ಅವಳ ಬಲಗಾಲು ನೆಲದಿಂದ ಮೇಲೆದ್ದು, ದಾಟಲು ಏನೂ ಸಿಗದೆ, ಗಾಳಿಯಲ್ಲಿ ಒಂದು ಗಳಿಗೆ ನಿಂತು ಇಳಿಯಿತು. ಚೆನ್ನಾಗಿದೆ ಕಣಪ್ಪ ಎಂದಳು. ನಾನು ಅದನ್ನು ಮೆಚ್ಚುಗೆಯೆಂದೇ ತಿಳಿದೆ.

ಮುಂದಿನ ಶುಕ್ರವಾರ ಬೆಳಿಗ್ಗೆ ನೋಡುತ್ತೇನೆ, ನನ್ನ ಹರಿಯುವ ನೆಲಕ್ಕೆ ಅಡ್ಡಲಾಗಿ, ಬಾಗಿಲ ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ, ಅರಿಶಿನದ ದಪ್ಪ ಗೀಟು! ಅದರ ಮೇಲೆ ಸಾಲಾಗಿ ಕುಂಕುಮ. ಹೊಸಿಲಿಲ್ಲದಿದ್ದರೇನು, ಹೊಸಿಲಿರಬೇಕಾದ ಜಾಗವಂತೂ ಇದೆಯಲ್ಲ ಎಂಬುದು ಅಮ್ಮನ ತರ್ಕ. ನಾನು ಸಂಜೆ ಸೀಮೆಎಣ್ಣೆಯ ಬಟ್ಟೆ ಹಿಡಿದು ಉಜ್ಜಿದೆ. ಅವಳು ಅದರ ಮರುಶುಕ್ರವಾರ ಮತ್ತೆ ಬಳಿದಳು. ಹೀಗೆ ಎರಡು ತಿಂಗಳು ತಾಯಿ ಮಗ ಒಂದೂ ಮಾತಾಡದೆ ನೆಲದ ಮೇಲೆ ಜಗಳವಾಡಿದೆವು. ಮೊಸಾಯಿಕ್ ಅಮ್ಮನ ಪಕ್ಷ ವಹಿಸಿ ಬಣ್ಣವನ್ನು ಕುಡಿಯತೊಡಗಿತು.

ಆದರೆ ನಿಜವಾದ ನಷ್ಟ ಅರಿಶಿನದ್ದಲ್ಲವೆಂದು ನನಗೆ ತಿಳಿಯಲು ತಡವಾಯಿತು. ಅಮ್ಮ ಬಂದ ಮರುದಿನವೇ ಜೈನಾಬಿ ಸೊಂಟದ ಮೇಲೆ ರಾಟೆಯಿಟ್ಟುಕೊಂಡು ಬಂದು, ಜಗಲಿಯಿದ್ದ ಕಡೆ ನೋಡಿ, ಬೀದಿಯಲ್ಲೇ ನಿಂತರು. ಬೆಂಚಿನ ಮೇಲೆ ಕೂತ್ಕೊಳ್ಳಿ ಎಂದು ನಾನೇ ಉಪಚಾರ ಮಾಡಿದೆ. ಕಾಲು ಚಾಚಿ, ತೊಡೆಯ ಪಕ್ಕ ರಾಟೆಯಿಟ್ಟು ಮಾಡುವ ಕೆಲಸವನ್ನು ಕಚೇರಿಗೆ ಬಂದವರಂತೆ ಬೆಂಚಿನ ಮೇಲೆ ಕೂತು ಮಾಡುವುದು ಹೇಗೆ? ಹೊಳೆಯುವ ಹೊರನೆಲದಲ್ಲಿ ಕೂರಲು ಆಕೆಗೆ ಸಂಕೋಚ. ಅದು ಜಗಲಿಯಂತೆ ಹೊರಗಿನದಾಗಿ ಕಾಣುತ್ತಿರಲಿಲ್ಲ. ಅಮ್ಮ ಒಳಗೆ, ಆಕೆ ಬೀದಿಯಲ್ಲಿ. ನಿಂತುಕೊಂಡೇ ಎರಡು ಮಾತಾಡಿ ಹೊರಟುಹೋದರು. ಆಮೇಲೆ ವಾರಕ್ಕೆ ಎರಡು ಸಲ ಬಂದರು, ಆಮೇಲೆ ಒಂದು ಸಲ. ನೂಲು ಒಯ್ದು ತಮ್ಮ ಮನೆಯಲ್ಲೇ ಸುತ್ತಿ, ಮಗಳ ಕೈಲಿ ಕಳಿಸತೊಡಗಿದರು.

ಅಮ್ಮ ನಡುಮನೆಯಲ್ಲಿ ಒಬ್ಬಳೇ ರಾಟೆ ತಿರುಗಿಸಿದಳು. ಕಂಡಿಕೆ ಸಡಿಲ ಬರ್ತಿದೆ ಎಂದು ಅಪ್ಪ ಮಗ್ಗದಿಂದ ಗೊಣಗಿದರು. ಅಷ್ಟು ಮಾತಿನ ಹೆಂಗಸು ಮಧ್ಯಾಹ್ನಗಳಲ್ಲಿ ಮೂಕಿಯಾಗಿದ್ದಳು. ಮನೆ ಕಟ್ಟಿ ನೋಡು ಎಂದರು ಹಿರಿಯರು. ನನ್ನಂಥವನಿಗೆ ಬರೀ ಬಾಗಿಲು ಕಟ್ಟಿ ನೋಡು ಎಂದಿದ್ದರೂ ಸಾಕಿತ್ತು. ಜಗಲಿಯನ್ನು ಮತ್ತೆ ಹಾಕಿಸಿಬಿಡ್ತೀನಮ್ಮ ಎಂದು ಒಂದು ದಿನ ತಡೆಯಲಾರದೆ ಹೇಳಿದೆ. ಅವಳು ರಾಟೆ ನಿಲ್ಲಿಸಿ, ಯೋಚನೆ ಮಾಡಿ, ಬೇಡ ಎಂದಳು. ಯಾಕೆಂದು ಹೇಳಲಿಲ್ಲ.

ಅದು ಗೊತ್ತಾದದ್ದು ಒಂದು ಶುಕ್ರವಾರ. ಯಾವುದೋ ರಜೆಯೆಂದು ನಾನು ಮನೆಯಲ್ಲಿದ್ದೆ. ಜೈನಾಬಿ ಸುತ್ತಿದ ಕಂಡಿಕೆಗಳ ಬುಟ್ಟಿ ಹಿಡಿದು ಬಂದವರು ಬಾಗಿಲಾಚೆ ನಿಂತೇ ಅದನ್ನು ಅಮ್ಮನತ್ತ ಚಾಚಿ, ಇನ್ನು ಮುಂದೆ ತಮ್ಮ ಬೀದಿಯವರಿಗೇ ಸುತ್ತಿಕೊಡುವುದಾಗಿಯೂ, ಗೌರಕ್ಕ ಬೇಸರ ಮಾಡಿಕೊಳ್ಳಬಾರದೆಂದೂ, ನೆಲ ನೋಡುತ್ತಾ ಹೇಳಿದರು. ಅಮ್ಮ ಬುಟ್ಟಿಗೆ ಕೈ ಚಾಚಲಿಲ್ಲ. ಇಬ್ಬರ ನಡುವೆ ಅಂದು ಬೆಳಿಗ್ಗೆಯಷ್ಟೇ ಬಳಿದ ಅರಿಶಿನ.

"ಈ ಮನೆಗೆ ಹೊಸ್ಲೇ ಇಲ್ಲ ಕಣೇ ಜೈನಾಬಿ, ನನ್ ಮಗ ಕಿತ್ತಾಕ್ಬಿಟ್ಟ" ಎಂದಳು ಅಮ್ಮ. "ಇನ್ನು ದಾಟೋದೇನ್ ಬಂತು. ಬಾ ಒಳೀಕೆ."

ಜೈನಾಬಿ ಹಳದಿ ಗೀಟನ್ನು ನೋಡಿದರು. "ಮತ್ತೆ ಇದೇನು ಗೌರಕ್ಕ?"

"ಅದು ಲಕ್ಷ್ಮಿಗೆ ಹಾಕಿದ್ದು. ನಿಂಗಲ್ಲ."

ಜೈನಾಬಿ ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಅರಿಶಿನ ಕೆಡಬಾರದೆಂದು ಕಾಲನ್ನು ಮೊಣಕಾಲುದ್ದ ಎತ್ತಿ, ಅಲ್ಲಿಲ್ಲದ ಹೊಸಿಲನ್ನು ದಾಟಿ ಒಳಗೆ ಬಂದರು. ಅಮ್ಮ ಅಂದು ಕಾಫಿ ತರುವಾಗ ಗೂಡಿನ ಲೋಟ ಮುಟ್ಟಲಿಲ್ಲ, ನಮ್ಮ ಲೋಟಗಳಲ್ಲೇ ಎರಡು ತಂದಳು. ನಾನು ಸೀಮೆಎಣ್ಣೆಯ ಬಟ್ಟೆಯನ್ನು ಹಿತ್ತಲಿಗೆ ಎಸೆದೆ.

ಈಗ ಜಗಲಿಗಳ ಬಗ್ಗೆ ಯಾರಾದರೂ ಹಂಬಲಿಸಿ ಮಾತಾಡಿದರೆ ನನ್ನ ಎದೆಯೂ ಹೌದೌದೆನ್ನುತ್ತದೆ. ಆ ತಣ್ಣನೆಯ ಕಲ್ಲು, ಎರಡು ರಾಟೆಗಳ ಗುಂಯ್ ಎನ್ನುವ ಶಬ್ದ, ಆ ಚಾಡಿ, ಆ ನಗು ನನಗೂ ಬೇಕು. ಆದರೆ ಅದೇ ಜಗಲಿ ಹನ್ನೆರಡು ವರ್ಷ ಒಬ್ಬರನ್ನು ಬಹಳ ಮರ್ಯಾದೆಯಿಂದ ಹೊರಗೇ ಕೂರಿಸಿತ್ತೆಂಬುದನ್ನು ನಾನು ಮರೆತು ಮಾತಾಡಲಾರೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಹಾಗೆಂದು ಅದನ್ನು ಕಿತ್ತ ಪುಣ್ಯ ನನ್ನದೆನ್ನಲೂ ಬಾಯಿಲ್ಲ. ನಾನು ಕಿತ್ತದ್ದು ಚಂದಕ್ಕೆ. ಕಿತ್ತ ಜಾಗವನ್ನು ಬಾಗಿಲು ಮಾಡಿದ್ದು ಅಮ್ಮ.

ಅಮ್ಮನೂ ಇಲ್ಲ, ಜೈನಾಬಿಯೂ ಇಲ್ಲ. ಓರೆ ಕಂಬಗಳು ತುಕ್ಕು ತಿಂದು ಹೋದವು, ಸಣಕಲು ಬೆಂಚು ಯಾರದೋ ಮದುವೆಯಲ್ಲಿ ಮುರಿಯಿತು. ನೆಲವನ್ನು ತೆಗೆಸಿ ಹೊಸದು ಹಾಕಿಸೋಣವೆಂದು ಮನೆಯವರು ಆಗಾಗ ಹೇಳುತ್ತಾರೆ, ನಾನು ಒಪ್ಪಿಲ್ಲ. ಮಂಡಿನೋವಿಗೆ ಕಾಲೆತ್ತಿ ನಡೆಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಎಲ್ಲ ಕಡೆಯೂ ಕಾಲೆಳೆದುಕೊಂಡೇ ನಡೆಯುತ್ತೇನೆ. ಆ ಹಳದಿ ಪಟ್ಟೆಯ ಬಳಿ ಬಂದಾಗ ಮಾತ್ರ, ನೋವಾದರೂ, ಕಾಲೆತ್ತಿ ದಾಟುತ್ತೇನೆ.