ಬುರ್ಮಕಾನಕ್ಕನ ಬೆರಕೆ ಸಿನಿಮಾ
ನಾರಿನ್ ಕಣಿವೆಯ ಸೂಲಗಿತ್ತಿ ಬುರ್ಮಕಾನಕ್ಕ ಹೆರಿಗೆ ಮಾಡಿಸುವಾಗ ಎರಡು ಸಿನಿಮಾಗಳನ್ನು ಬೆರೆಸಿ ಒಂದೇ ಕಥೆ ಮಾಡಿ ಹೇಳುತ್ತಾಳೆ. ಹಿಂದಿ ಚಿತ್ರದ ನಾಯಕಿ ಹಾಡುತ್ತ ಯುದ್ಧದ ಚಿತ್ರದೊಳಕ್ಕೆ ನುಗ್ಗಿದರೆ, ಅಲ್ಲಿನ ಮುದಿ ಸೇನಾಪತಿ ಬಂದೂಕು ಕೆಳಗಿಟ್ಟು ಅವಳಿಗೆ ಕುದುರೆ ಹಾಲು ಬಗ್ಗಿಸಿಕೊಡುತ್ತಾನೆ. ಬಾಯಿ ಎಷ್ಟೇ ಓಡಲಿ, ಅವಳ ಕೈ ಮಾತ್ರ ಬಸುರಿಯ ಹೊಟ್ಟೆ ಬಿಟ್ಟು ಕದಲುವುದಿಲ್ಲ. "ಇಬ್ರಿಗೂ ಮದ್ವೆ ಮಾಡ್ಸಿಬಿಡ್ಲೇನೇ?" ಎಂದು ಒಂದು ದಿನ ಕೇಳಿದಾಗ, ಚೊಚ್ಚಲ ಹೆರಿಗೆಯ ನಾಜಿರಾ ನೋವಿನಲ್ಲೂ ಸಿಡುಕಿದಳು: "ಆ ಮುದುಕಂಗಾ? ಬೇಡಕ್ಕಾ!" ಅಕ್ಕ ನಗುತ್ತಿದ್ದವಳು ಥಟ್ಟನೆ ಕಥೆ ನಿಲ್ಲಿಸಿದಳು. ನಾಜಿರಾಳನ್ನು ಎಡಮಗ್ಗುಲಿಗೆ ಹೊರಳಿಸಿ, ಹೊಟ್ಟೆಗೆ ಕಿವಿಯೊತ್ತಿ ಕೂಸಿನ ಎದೆಬಡಿತ ಹುಡುಕಿದಳು. ನಾಜಿರಾ ಉಸಿರು ಬಿಗಿಹಿಡಿದಳು. ಕೊನೆಗೆ ಅಕ್ಕ ಹಣೆಯ ಬೆವರು ಒರೆಸಿಕೊಂಡು, "ಹೂಂ, ಆಮೇಲೇನಾಯ್ತು ಅಂದ್ರೆ..." ಎಂದಳು. ನಾಜಿರಾ ಗಳಗಳನೆ ಅತ್ತುಬಿಟ್ಟಳು. ಕಥೆ ಓಡುತ್ತಿದೆಯೆಂದರೆ ಕೂಸು ಕ್ಷೇಮವೆಂದು ಆ ಕಣಿವೆಯ ಹೆಂಗಸರಿಗೆಲ್ಲ ಗೊತ್ತು.